ಬಾವಿಯ ಮೆಟ್ಟಿಲುಗಳು: ರಾಯಚೂರು ಸೀಮೆಯ ನಾರುಹುಣ್ಣು ಮತ್ತು ಸಭೆಯ ಸ್ವಸ್ಥತಾ ಸೇವೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಗಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ಮತ್ತೆ ಮತ್ತೆ ಕಾದಾಡಿದ್ದನ್ನು ಚರಿತ್ರಕಾರರು ವಿಸ್ತಾರವಾಗಿ ಬರೆದಿದ್ದಾರೆ. ಇದೇ ಸೀಮೆಯ ಬಡವರ ಕಾಲುಗಳನ್ನು ತಲೆಮಾರುಗಳ ಕಾಲ ಕಾಡಿದ ನಾರುಹುಣ್ಣಿನ ಚರಿತ್ರೆಗೆ ಅಂಥ ಸ್ಥಾನ ದೊರೆತಿಲ್ಲ. ಎರಡು ನದಿಗಳ ನಡುವೆ ವಾಸಿಸುವ ಜನರಿಗೆ ಶುದ್ಧವಾದ ನೀರು ಏಕೆ ದೊರೆಯಲಿಲ್ಲವೆಂಬ ಪ್ರಶ್ನೆ ಆ ಚರಿತ್ರೆಯಲ್ಲಿ ಅಡಗಿರುವುದರಿಂದ ಸಭೆಯ ಸೇವಕರು ಅದನ್ನು ಅರಿಯುವುದು ಅಗತ್ಯ.

ನಾರುಹುಣ್ಣು ಕುಡಿಯುವ ನೀರಿನ ಮೂಲಕ ಹರಡುತ್ತಿದ್ದ ರೋಗ. ಸೈಕ್ಲಾಪ್ಸ್ ಎಂಬ ಅತಿಸಣ್ಣ ಜಲಜೀವಿಯೊಳಗೆ ಹುಳುವಿನ ಮರಿಗಳಿರುತ್ತವೆ. ಅಂಥ ನೀರನ್ನು ಸೋಸದೆ ಕುಡಿದವರ ದೇಹದಲ್ಲಿ ಅವು ಬೆಳೆಯುತ್ತವೆ. ಸುಮಾರು ಒಂದು ವರ್ಷದ ನಂತರ, ಒಂದು ಮೀಟರಿನಷ್ಟು ಉದ್ದ ಬೆಳೆಯಬಲ್ಲ ಹೆಣ್ಣುಹುಳು ಹೆಚ್ಚಾಗಿ ಕಾಲಿನ ಚರ್ಮವನ್ನು ಒಡೆದು ಹೊರಬರುತ್ತದೆ. ಉರಿಯನ್ನು ತಾಳಲಾರದೆ ರೋಗಿಯು ಕಾಲನ್ನು ನೀರಿಗಿಳಿಸಿದಾಗ ಅಸಂಖ್ಯ ಮರಿಗಳು ಮತ್ತೆ ನೀರನ್ನು ಸೇರುತ್ತವೆ. ಮೆಟ್ಟಿಲುಬಾವಿಯಲ್ಲಿ ಇದು ಸುಲಭವಾಗಿ ನಡೆಯುತ್ತಿತ್ತು. ಕೊಡ ತುಂಬಲು ಇಳಿದವರ ಕಾಲುಗಳು ಕುಡಿಯುವ ನೀರಿನಲ್ಲಿಯೇ ಇರುತ್ತಿದ್ದವು. ಹಗ್ಗದಿಂದ ನೀರೆತ್ತುವ ಸೇದುಬಾವಿಯಲ್ಲಿ ಆ ಅಪಾಯವಿರಲಿಲ್ಲ. ಹುಳುವನ್ನು ಕಡ್ಡಿಗೆ ಸುತ್ತಿ ದಿನದಿನವೂ ಸ್ವಲ್ಪಸ್ವಲ್ಪವಾಗಿ ಎಳೆಯುವುದೇ ಚಿಕಿತ್ಸೆ. ಇದನ್ನು ಗುಣಪಡಿಸುವ ಔಷಧವಾಗಲಿ ತಡೆಯುವ ಲಸಿಕೆಯಾಗಲಿ ಇಂದಿಗೂ ಇಲ್ಲ. ವಾರಗಟ್ಟಲೆ ನಡೆಯಲಾರದ ಕೂಲಿಯವನಿಗೆ ದುಡಿಮೆ ತಪ್ಪುತ್ತಿತ್ತು. ದುಡಿಮೆ ತಪ್ಪಿದ ಮನೆಗೆ ಸಾಲ ಬರುತ್ತಿತ್ತು.

ಸೈಕ್ಲಾಪ್ಸ್‌ನ ಪಾತ್ರವನ್ನು ರಷ್ಯದ ವಿಜ್ಞಾನಿ ಅಲೆಕ್ಸಿ ಫೆಡ್ಚೆಂಕೊ 1870ರ ಸುಮಾರಿಗೆ ಕಂಡುಹಿಡಿದಿದ್ದನು. ಭಾರತ ಸರ್ಕಾರದ ನಿರ್ಮೂಲನ ಕಾರ್ಯಕ್ರಮ ಆರಂಭವಾದದ್ದು 1983-84ರಲ್ಲಿ. ಆಗ ದೇಶದಲ್ಲಿ ಸುಮಾರು 40,000 ರೋಗಿಗಳಿದ್ದರು; ರಾಯಚೂರು ಜಿಲ್ಲೆಯೂ ರೋಗಪೀಡಿತ ಪ್ರದೇಶಗಳಲ್ಲಿ ಒಂದಾಗಿತ್ತು. ಮೆಟ್ಟಿಲುಬಾವಿಗಳನ್ನು ಸೇದುಬಾವಿಗಳನ್ನಾಗಿ ಮಾರ್ಪಡಿಸಿ, ಕೈಪಂಪುಗಳನ್ನು ಹಾಕಿ, ನೀರನ್ನು ಬಟ್ಟೆಯಲ್ಲಿ ಸೋಸುವುದನ್ನು ಕಲಿಸಿ, ಬಾವಿಗಳಿಗೆ ಟೆಮಿಫಾಸ್ ಹಾಕಿ ರೋಗವನ್ನು ತಡೆಯಲಾಯಿತು. 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದೇಶದ ಕೊನೆಯ ರೋಗಿ ಕಂಡುಬಂದರು. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಭಾರತವು ರೋಗಮುಕ್ತವೆಂದು ಪ್ರಮಾಣೀಕರಿಸಿತು. ಕಾರಣ ತಿಳಿದ ಮೇಲೆಯೂ ಶತಮಾನಕ್ಕಿಂತ ಹೆಚ್ಚು ಕಾಲ ಬಡವರು ಕಾಯಬೇಕಾಯಿತು. ಇಂಥ ರೋಗಗಳನ್ನು ಇಂದು ‘ನಿರ್ಲಕ್ಷಿತ ಉಷ್ಣವಲಯದ ರೋಗಗಳು’ ಎನ್ನುತ್ತಾರೆ. ಆದರೆ ನಿಜವಾಗಿ ನಿರ್ಲಕ್ಷಿತರಾದವರು ರೋಗಿಗಳು.

ಇಲ್ಲಿ ವೇದಪಾಠವೊಂದನ್ನು ನೆನೆಯಬೇಕು. ಅರಣ್ಯಕಾಂಡ 21ರಲ್ಲಿ ಇಸ್ರಾಯೇಲ್ಯರನ್ನು ಕಚ್ಚಿದ ಉರಿಸರ್ಪಗಳು ಇದೇ ಹುಳುಗಳಾಗಿರಬಹುದೆಂದು ಕೆಲವು ವ್ಯಾಖ್ಯಾನಕಾರರು ಊಹಿಸಿದ್ದಾರೆ. ಊಹೆಯನ್ನು ಒಪ್ಪದಿದ್ದರೂ ಅಧ್ಯಾಯದ ಕ್ರಮ ಗಮನಾರ್ಹ. ನೀರಿಲ್ಲವೆಂಬ ಜನರ ಗೊಣಗಾಟ ಮೊದಲು ಬರುತ್ತದೆ, ಬಳಿಕ ಸರ್ಪಗಳು, ಬಳಿಕ ಕಂಬದ ಮೇಲಣ ತಾಮ್ರದ ಸರ್ಪ. ಮುಂದೆ ಬೇರ್ ಎಂಬಲ್ಲಿ ದೇವರು ನೀರು ಕೊಡುತ್ತಾನೆ. ಜನನಾಯಕರು ತೋಡಿದ ಬಾವಿಯನ್ನು ಜನರು ಹಾಡಿ ಹೊಗಳುತ್ತಾರೆ. ಯೋಹಾನ 3ರ ಬೆಳಕಿನಲ್ಲಿ ನಾವು ಕಂಬವನ್ನು ಕುರಿತು ಅನೇಕ ಪ್ರಸಂಗಗಳನ್ನು ಮಾಡಿದ್ದೇವೆ. ಬಾವಿಯನ್ನು ಕುರಿತು ಮಾಡಿದ್ದು ವಿರಳ. ಬಿದ್ದವರನ್ನು ಎತ್ತುವುದು ಸಭೆಗೆ ಪರಿಚಿತವಾದ ಸೇವೆ. 1874ರಲ್ಲಿ ವೆಲ್ಲೆಸ್ಲಿ ಬೇಯ್ಲಿ ಆರಂಭಿಸಿದ ಕುಷ್ಠರೋಗಿಗಳ ಮಿಷನ್ ಅದಕ್ಕೆ ಗೌರವಾರ್ಹ ಸಾಕ್ಷಿ. ಆದರೆ ಅಧಿಕಾರವುಳ್ಳವರು ಬಾವಿಯನ್ನು ತೋಡುವಂತೆ ಮಾಡುವುದೂ ಸ್ವಸ್ಥತೆಯ ಸೇವೆಯೇ ಎಂಬುದನ್ನು ನಾರುಹುಣ್ಣಿನ ಚರಿತ್ರೆ ಕಲಿಸುತ್ತದೆ.

ಆ ಸೇವೆ ಮುಗಿದಿಲ್ಲ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು ದೇವದುರ್ಗ ಮತ್ತು ಮಾನ್ವಿಯನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ರಾಯಚೂರು ಜಿಲ್ಲೆಯು ಆನೆಕಾಲು ರೋಗದ ವಿರುದ್ಧ ಸಾಮೂಹಿಕವಾಗಿ ಮಾತ್ರೆ ನುಂಗಿಸಬೇಕಾದ ಜಿಲ್ಲೆಗಳಲ್ಲಿ ಒಂದಾಯಿತು. ಮಾತ್ರೆ ಅವಶ್ಯವೇ, ಆದರೆ ಆ ರೋಗವನ್ನು ಹರಡುವ ಕ್ಯುಲೆಕ್ಸ್ ಸೊಳ್ಳೆಯು ಬೆಳೆಯುವುದು ನಿಂತ ಕೊಳಚೆ ನೀರಿನಲ್ಲಿ, ತೆರೆದ ಚರಂಡಿಗಳಲ್ಲಿ. 2022ರಲ್ಲಿ ರಾಯಚೂರು ನಗರದಲ್ಲಿಯೇ ಕಲುಷಿತ ನೀರು ಕುಡಿದು ಜನರು ಸತ್ತರು. ನಾರುಹುಳು ಹೋಯಿತು, ಅದನ್ನು ಸಾಕಿದ ಅಸಮಾನತೆ ಉಳಿಯಿತು.

ಹುಟ್ಟುಕುರುಡನನ್ನು ಕಂಡು ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಕರ್ತನು ಆ ಪ್ರಶ್ನೆಯನ್ನೇ ತಳ್ಳಿಹಾಕಿ ದೇವರ ಕಾರ್ಯದ ಕಡೆಗೆ ಅವರ ಗಮನ ಸೆಳೆದನು (ಯೋಹಾನ 9). ಆದಕಾರಣ ರೋಗಿಯ ಮನೆಗೆ ಪ್ರಾರ್ಥನೆಗೆಂದು ಹೋಗುವ ಸಭಾಪಾಲಕರು ಆ ಕೇರಿಯ ನೀರು ಎಲ್ಲಿಂದ ಬರುತ್ತದೆ, ಚರಂಡಿ ಎಲ್ಲಿ ನಿಲ್ಲುತ್ತದೆ, ಯಾವ ಮನೆಗಳವರೆಗೆ ನಲ್ಲಿ ತಲುಪಿಲ್ಲ ಎಂಬುದನ್ನೂ ವಿಚಾರಿಸಲಿ. ತಿಳಿದದ್ದನ್ನು ಗ್ರಾಮ ಪಂಚಾಯಿತಿಯ ಮುಂದಿಡುವುದು ಪ್ರಾರ್ಥನೆಯ ಮುಂದುವರಿಕೆಯೇ ಆಗಿದೆ.