ಕರ್ನಾಟಕದಲ್ಲಿ ಗಾಂಜಾ ನಿಯಂತ್ರಣ ಮತ್ತು ವಿಧಾನಸಭೆಯ ಅಧಿಕಾರ

ಕರ್ನಾಟಕದಲ್ಲಿ ಗಾಂಜಾ ಬೆಳೆಯುವುದು, ಮಾರುವುದು, ಸಾಗಿಸುವುದು, ಇಟ್ಟುಕೊಳ್ಳುವುದು ಹಾಗೂ ಸೇವಿಸುವುದು ಶಿಕ್ಷಾರ್ಹ ಅಪರಾಧಗಳಾಗಿವೆ. ಇವುಗಳಿಗೆ ಅನ್ವಯಿಸುವುದು ಸಂಸತ್ತು ರೂಪಿಸಿದ 1985ರ ಮಾದಕ ದ್ರವ್ಯಗಳು ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ (ಎನ್‌ಡಿಪಿಎಸ್ ಕಾಯ್ದೆ). ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೆ ಎಂಬುದು ವಿಧಾನಸಭಾ ಅಭ್ಯರ್ಥಿಗಳಿಗೂ ಎದುರಾಗಬಹುದಾದ ಪ್ರಶ್ನೆ. ಆದರೆ ಈ ವಿಷಯದಲ್ಲಿ ರಾಜ್ಯದ ಅಧಿಕಾರಕ್ಕೆ ನಿರ್ದಿಷ್ಟ ಮಿತಿಗಳಿವೆ.

ವ್ಯಾಖ್ಯೆ

ಕಾಯ್ದೆಯ 2ನೆಯ ಕಲಮಿನ ಪ್ರಕಾರ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು ಗಾಂಜಾ. ಗಿಡದಿಂದ ಬೇರ್ಪಡಿಸಿದ ರಾಳ ಚರಸ್. ತುದಿಗಳಿಲ್ಲದ ಬರಿಯ ಎಲೆ ಮತ್ತು ಬೀಜಗಳು ಗಾಂಜಾದ ವ್ಯಾಖ್ಯೆಗೆ ಸೇರುವುದಿಲ್ಲ. ಈ ಕಾರಣದಿಂದ ಎಲೆಯಿಂದ ತಯಾರಾಗುವ ಭಂಗಿಯು ಕೇಂದ್ರ ಕಾಯ್ದೆಯ ಹೊರಗೆ ಉಳಿದಿದೆ. 2022ರ ಆಗಸ್ಟ್‌ನಲ್ಲಿ ಜಾಮೀನು ಅರ್ಜಿಯೊಂದನ್ನು ಪರಿಶೀಲಿಸಿದ ಕರ್ನಾಟಕ ಉಚ್ಚ ನ್ಯಾಯಾಲಯವು ಭಂಗಿಯು ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲವೆಂದು ಅಭಿಪ್ರಾಯಪಟ್ಟಿತು. ವಶಪಡಿಸಿಕೊಂಡ ಗಿಡವನ್ನು ಎಲೆ, ಕಾಂಡಗಳ ಸಮೇತ ತೂಗಬೇಕೇ, ತುದಿಗಳನ್ನಷ್ಟೇ ತೂಗಬೇಕೇ ಎಂಬ ವಾದವೂ ಇದೇ ವ್ಯಾಖ್ಯೆಯಿಂದ ಹುಟ್ಟುತ್ತದೆ.

ಶಿಕ್ಷೆಗಳು

ಶಿಕ್ಷೆಯ ಪ್ರಮಾಣವು ಮುಖ್ಯವಾಗಿ ತೂಕವನ್ನು ಅವಲಂಬಿಸಿದೆ. 1 ಕಿಲೋಗ್ರಾಂವರೆಗಿನ ಗಾಂಜಾ 'ಅಲ್ಪ ಪ್ರಮಾಣ' ಎನಿಸುತ್ತದೆ. ಇದಕ್ಕೆ 1 ವರ್ಷದವರೆಗೆ ಕಠಿಣ ಸೆರೆವಾಸ, 10,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. 20 ಕಿಲೋಗ್ರಾಂಗೂ ಮೇಲ್ಪಟ್ಟದ್ದು 'ವಾಣಿಜ್ಯ ಪ್ರಮಾಣ'. ಇದಕ್ಕೆ 10ರಿಂದ 20 ವರ್ಷಗಳ ಕಠಿಣ ಸೆರೆವಾಸ ಮತ್ತು 1ರಿಂದ 2 ಲಕ್ಷ ರೂಪಾಯಿ ದಂಡವಿದೆ. ಇವೆರಡರ ನಡುವಿನ ಪ್ರಮಾಣಕ್ಕೆ 10 ವರ್ಷಗಳವರೆಗೆ ಶಿಕ್ಷೆಯಾಗಬಹುದು. ವಾಣಿಜ್ಯ ಪ್ರಮಾಣದ ಪ್ರಕರಣಗಳಲ್ಲಿ 37ನೆಯ ಕಲಮಿನ ನಿಬಂಧನೆಗಳಿಂದಾಗಿ ಜಾಮೀನು ದೊರೆಯುವುದು ಕಷ್ಟ.

ಪರವಾನಗಿಯಿಲ್ಲದೆ ಗಿಡ ಬೆಳೆಯುವುದಕ್ಕೂ 10 ವರ್ಷಗಳವರೆಗೆ ಕಠಿಣ ಸೆರೆವಾಸ ಹಾಗೂ 1 ಲಕ್ಷ ರೂಪಾಯಿವರೆಗೆ ದಂಡವಿದೆ. ಗ್ರಾಮಾಂತರ ಪ್ರದೇಶಗಳಿಗೆ ಇದು ಮುಖ್ಯವಾದ ವಿಷಯ. ದಾವಣಗೆರೆ ತಾಲ್ಲೂಕಿನ ಹದಡಿಯಂತಹ ಕೃಷಿ ಗ್ರಾಮಗಳಲ್ಲಿ ಜಮೀನಿನ ಒಡೆಯನು ತನ್ನ ಹೊಲದಲ್ಲಿ ಅಕ್ರಮವಾಗಿ ಬೆಳೆದ ಗಾಂಜಾ ಗಿಡದ ಬಗ್ಗೆ ಅಧಿಕಾರಿಗಳಿಗೆ ಕೂಡಲೇ ತಿಳಿಸಬೇಕೆಂದು 46ನೆಯ ಕಲಮು ವಿಧಿಸುತ್ತದೆ. ತಿಳಿದೂ ಸುಮ್ಮನಿದ್ದರೆ ಅದು ಶಿಕ್ಷಾರ್ಹ. 47ನೆಯ ಕಲಮು ಇಂತಹುದೇ ಹೊಣೆಯನ್ನು ಪಂಚಾಯಿತಿಯವರಿಗೂ ಗ್ರಾಮಾಧಿಕಾರಿಗಳಿಗೂ ವಹಿಸಿದೆ.

ರಾಜ್ಯದ ಅಧಿಕಾರ

ಸಂವಿಧಾನದ ಏಳನೆಯ ಅನುಸೂಚಿಯ ಸಮವರ್ತಿ ಪಟ್ಟಿಯ 19ನೆಯ ನಮೂದಿನಲ್ಲಿ 'ಔಷಧಗಳು ಮತ್ತು ವಿಷಗಳು' ಸೇರಿವೆ. ಈ ವಿಷಯದಲ್ಲಿ ಸಂಸತ್ತೂ ರಾಜ್ಯ ಶಾಸಕಾಂಗವೂ ಕಾನೂನು ಮಾಡಬಹುದು. ಆದರೆ ಎರಡರ ನಡುವೆ ವಿರೋಧ ಉಂಟಾದರೆ, 254ನೆಯ ಅನುಚ್ಛೇದದ ಪ್ರಕಾರ, ರಾಷ್ಟ್ರಪತಿಗಳ ಸಮ್ಮತಿ ಪಡೆದ ಸಂದರ್ಭವನ್ನು ಬಿಟ್ಟು ಕೇಂದ್ರದ ಕಾನೂನೇ ಊರ್ಜಿತವಾಗುತ್ತದೆ. ಆದ್ದರಿಂದ ದಾವಣಗೆರೆಯಿಂದಾಗಲಿ ಹರಿಹರದಿಂದಾಗಲಿ ಆಯ್ಕೆಯಾದ ಶಾಸಕರು, ಸದನದ ಬಹುಮತ ದೊರೆತರೂ, ಅಷ್ಟರಿಂದಲೇ ಗಾಂಜಾವನ್ನು ಕಾನೂನುಬದ್ಧಗೊಳಿಸಲಾರರು.

ಹಾಗೆಂದು ರಾಜ್ಯದ ಪಾತ್ರ ಶೂನ್ಯವಲ್ಲ. ಕಾಯ್ದೆಯ 10ನೆಯ ಕಲಮು ಗಾಂಜಾ ಗಿಡದ ಕೃಷಿಗೆ ಅನುಮತಿ ನೀಡುವ ಮತ್ತು ಅದನ್ನು ನಿಯಂತ್ರಿಸುವ ನಿಯಮಗಳನ್ನು ರಚಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರ ನೀಡಿದೆ. ನಾರು, ಬೀಜಗಳಿಗಾಗಿ ಹೆಂಪ್ ಬೆಳೆಯಲು ಅವಕಾಶ ಕಲ್ಪಿಸುವುದು 14ನೆಯ ಕಲಮು. ಗಾಂಜಾ ಮತ್ತಿತರ ಮಾದಕ ವಸ್ತುಗಳ ಮೇಲಿನ ಅಬಕಾರಿ ಸುಂಕವು ರಾಜ್ಯ ಪಟ್ಟಿಯ 51ನೆಯ ನಮೂದಿನಲ್ಲಿದೆ. ಪೊಲೀಸ್, ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳೂ ರಾಜ್ಯದ ವಿಷಯಗಳೇ. ಆರೋಗ್ಯಕ್ಕೆ ಹಾನಿಕರವಾದ ಮಾದಕ ವಸ್ತುಗಳನ್ನು ಔಷಧೀಯ ಉದ್ದೇಶಕ್ಕೆ ಹೊರತಾಗಿ ನಿಷೇಧಿಸಲು ರಾಜ್ಯವು ಯತ್ನಿಸಬೇಕೆಂದು 47ನೆಯ ಅನುಚ್ಛೇದ ನಿರ್ದೇಶಿಸುತ್ತದೆ.

ಜನಪ್ರತಿನಿಧಿಗಳ ನಿಲುವುಗಳು

ಒಡಿಶಾದ ಢೆಂಕಾನಾಲ್ ಕ್ಷೇತ್ರದ ಸಂಸದರಾಗಿದ್ದ ತಥಾಗತ ಸತ್ಪಥಿ ಅವರು ಗಾಂಜಾ ನಿಷೇಧವನ್ನು ಬಹಿರಂಗವಾಗಿ ವಿರೋಧಿಸಿದರು. ವೃತ್ತಿಯಲ್ಲಿ ವೈದ್ಯರಾದ ಪಟಿಯಾಲದ ಸಂಸದ ಧರ್ಮವೀರ ಗಾಂಧಿ ಅವರು 1985ರ ಕಾಯ್ದೆಗೆ ತಿದ್ದುಪಡಿ ತರಲು ಖಾಸಗಿ ಮಸೂದೆಯ ಮಾರ್ಗ ಹಿಡಿದರು. ಇಬ್ಬರೂ ಸಂಸತ್ತಿನ ಸದಸ್ಯರಾಗಿದ್ದುದು ಗಮನಾರ್ಹ. ಕಾಯ್ದೆಯನ್ನು ಬದಲಿಸುವ ಅಧಿಕಾರವಿರುವುದು ಅಲ್ಲಿಯೇ.

ರಾಜ್ಯಗಳ ಮಟ್ಟದಲ್ಲಿ ಚರ್ಚೆಯು ಹೆಚ್ಚಾಗಿ ಕೃಷಿಗೆ ಸಂಬಂಧಿಸಿದೆ. ಉತ್ತರಾಖಂಡವು 2018ರಲ್ಲಿ ಮಾದಕಾಂಶ ಅತಿ ಕಡಿಮೆಯಿರುವ ಹೆಂಪ್ ಕೃಷಿಗೆ ಪರವಾನಗಿ ನೀಡಿತು. ಹಿಮಾಚಲ ಪ್ರದೇಶದಲ್ಲಿ ಕಂದಾಯ ಸಚಿವ ಜಗತ್ ಸಿಂಗ್ ನೇಗಿ ಅವರ ನೇತೃತ್ವದ ಸಮಿತಿಯು ಔಷಧೀಯ ಹಾಗೂ ಕೈಗಾರಿಕಾ ಉದ್ದೇಶದ ಕೃಷಿಯನ್ನು ಶಿಫಾರಸು ಮಾಡಿತು. ವಿಧಾನಸಭೆಯು 2024ರ ಸೆಪ್ಟೆಂಬರ್‌ನಲ್ಲಿ ಅದನ್ನು ಬೆಂಬಲಿಸುವ ನಿರ್ಣಯ ಅಂಗೀಕರಿಸಿತು. ಇವೆರಡೂ ಅಮಲಿಗಾಗಿ ಗಾಂಜಾ ಸೇವಿಸಲು ನೀಡಿದ ಅನುಮತಿಗಳಲ್ಲ.

ಪರ–ವಿರೋಧ ವಾದಗಳು

ಸಡಿಲಿಕೆಯನ್ನು ಬಯಸುವವರು ಔಷಧೀಯ ಉಪಯೋಗ, ರೈತರ ಆದಾಯ, ತೆರಿಗೆ ಮತ್ತು ಅಲ್ಪ ಪ್ರಮಾಣದ ಪ್ರಕರಣಗಳಿಂದ ಯುವಕರ ಭವಿಷ್ಯಕ್ಕಾಗುವ ಹಾನಿಯನ್ನು ಮುಂದಿಡುತ್ತಾರೆ. ವಿಶ್ವಸಂಸ್ಥೆಯ ಮಾದಕ ದ್ರವ್ಯ ಆಯೋಗವು 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು 1961ರ ಒಡಂಬಡಿಕೆಯ ಅತಿ ಕಠಿಣವಾದ 4ನೆಯ ಅನುಸೂಚಿಯಿಂದ ತೆಗೆದದ್ದನ್ನೂ, ಭಾರತವು ಅದರ ಪರವಾಗಿ ಮತ ಹಾಕಿದ್ದನ್ನೂ ಉಲ್ಲೇಖಿಸುತ್ತಾರೆ. ಆದರೆ ಗಾಂಜಾ ಆ ಒಡಂಬಡಿಕೆಯ 1ನೆಯ ಅನುಸೂಚಿಯಲ್ಲಿ ಉಳಿದಿರುವುದರಿಂದ ನಿಯಂತ್ರಣ ಮುಂದುವರಿದಿದೆ. ವಿರೋಧಿಸುವವರು ಹದಿಹರೆಯದವರ ಮಾನಸಿಕ ಆರೋಗ್ಯ, ವ್ಯಸನ ಮತ್ತು ಕಾಲೇಜುಗಳ ಸುತ್ತಲಿನ ಮಾರಾಟಜಾಲವನ್ನು ಎತ್ತಿತೋರಿಸುತ್ತಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷ ವಯಸ್ಸಿನ ಸುಮಾರು 3.1 ಕೋಟಿ ಭಾರತೀಯರು ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು.

ಚಿಕಿತ್ಸೆ

ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದ ಆರೋಪಿಯಾದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, 64ಎ ಕಲಮಿನಡಿ ಮೊಕದ್ದಮೆಯಿಂದ ವಿನಾಯಿತಿ ದೊರೆಯುತ್ತದೆ. ಚಿಕಿತ್ಸೆಯನ್ನು ಪೂರ್ಣಗೊಳಿಸದಿದ್ದರೆ ಈ ವಿನಾಯಿತಿಯನ್ನು ಹಿಂತೆಗೆದುಕೊಳ್ಳಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವ್ಯಸನಮುಕ್ತಿಗಾಗಿ ರಾಷ್ಟ್ರೀಯ ಉಚಿತ ಸಹಾಯವಾಣಿಯ ಸಂಖ್ಯೆ 14446.