ಹಂಚಿ ಉಂಡ ಬುತ್ತಿ: ನಮ್ಮ ಭಾಗದ ಹಬ್ಬದೂಟದ ಇತಿಹಾಸ



ಬುತ್ತಿ ಎಂಬ ಶಬ್ದಕ್ಕೆ ನಮ್ಮ ಬೆಳಗಾವಿ ಸೀಮೆಯಲ್ಲಿ ಎರಡು ಅರ್ಥಗಳುಂಟು. ಮೊಸರು ಕಲಸಿ ಒಗ್ಗರಣೆ ಕೊಟ್ಟ ಅನ್ನವೂ ಬುತ್ತಿ. ಹೊಲಕ್ಕೋ ಊರಿಗೋ ಜಾತ್ರೆಗೋ ಅರಿವೆಯಲ್ಲಿ ಕಟ್ಟಿಕೊಂಡು ಹೋಗುವ ಊಟವೆಲ್ಲವೂ ಬುತ್ತಿ. ಈ ಲೇಖನವು ಎರಡನೆಯದನ್ನು ಕುರಿತದ್ದು. ಮನೆಯಲ್ಲಿ ಕುಳಿತು ಉಣ್ಣುವ ಊಟಕ್ಕೂ ಕಟ್ಟಿಕೊಂಡು ಹೋಗಿ ಉಣ್ಣುವ ಊಟಕ್ಕೂ ಒಂದು ಮುಖ್ಯವಾದ ಭೇದವಿದೆ. ಬುತ್ತಿಯನ್ನು ಒಬ್ಬನೇ ಬಿಚ್ಚಿಕೊಂಡು ಉಂಡವನನ್ನು ನಮ್ಮ ಹಿರಿಯರು ಒಳ್ಳೆಯ ಮಾತಿನಿಂದ ಕರೆಯುತ್ತಿರಲಿಲ್ಲ. ಬಿಚ್ಚಿದ ಬುತ್ತಿಯಲ್ಲಿ ಪಕ್ಕದವನಿಗೆ ಪಾಲು ಇದ್ದೇ ಇರುತ್ತದೆ.

ನಮ್ಮ ತುಕ್ಕಾನಟ್ಟಿ ಮೊದಲು ಗೋಕಾಕ ತಾಲೂಕಿನಲ್ಲಿದ್ದು ಈಗ ಮೂಡಲಗಿ ತಾಲೂಕಿಗೆ ಸೇರಿದೆ. ತಾಲೂಕು ಬದಲಾದರೂ ಹಬ್ಬಗಳ ಸರಣಿ ಬದಲಾಗಿಲ್ಲ. ಈ ಸರಣಿಯಲ್ಲಿ ಹಂಚಿ ಉಣ್ಣುವ ಸಂದರ್ಭಗಳು ಮುಖ್ಯವಾಗಿ ಮೂರು. ಮೊದಲನೆಯದು ಶ್ರಾವಣದಲ್ಲಿ ನಾಗರ ಪಂಚಮಿಗೆ ಮುನ್ನ ಬರುವ ರೊಟ್ಟಿ ಹಬ್ಬ. ಹಲವು ದಿನ ಮೊದಲೇ ಬಡಿದು ಒಣಗಿಸಿಟ್ಟ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಅವುಗಳ ಮೇಲೆ ನಾಲ್ಕಾರು ಬಗೆಯ ಪಲ್ಯ ಮತ್ತು ಚಟ್ನಿಗಳನ್ನಿಟ್ಟು ಗೆಳತಿಯರ ಮನೆಗೆ, ನೆರೆಮನೆಗೆ ಕಳುಹುವರು. ಕೊಟ್ಟ ತಾಟು ಬರಿದಾಗಿ ಮರಳುವುದಿಲ್ಲ. ಆ ಮನೆಯ ರೊಟ್ಟಿ ಪಲ್ಯ ಹೊತ್ತುಕೊಂಡೇ ಬರುತ್ತದೆ. ಸಂಜೆಯ ಹೊತ್ತಿಗೆ ಒಂದೊಂದು ಮನೆಯ ಅಡುಗೆಮನೆಯಲ್ಲಿಯೂ ಇಡೀ ಓಣಿಯ ಅಡುಗೆ ಸೇರಿರುತ್ತದೆ.

ಎರಡನೆಯದು ಚರಗ. ಆಶ್ವೀಜದ ಶೀಗೆ ಹುಣ್ಣಿಮೆಗೂ ಮಾರ್ಗಶಿರದ ಕೊನೆಗೆ ಬರುವ ಎಳ್ಳ ಅಮಾವಾಸ್ಯೆಗೂ ಕುಟುಂಬವೆಲ್ಲ ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಯ ನಡುವೆ ಚೆಲ್ಲುವರು. ಭೂಮಿತಾಯಿಗೆ ಮೊದಲ ತುತ್ತು, ಆಮೇಲೆ ಹಕ್ಕಿಪಕ್ಷಿಗಳಿಗೆ, ನಂತರ ಕರೆದು ತಂದ ಗೆಳೆಯರಿಗೆ ಮತ್ತು ಬೀಗರಿಗೆ. ಸ್ವಂತ ಹೊಲವಿಲ್ಲದವರನ್ನೂ ನೌಕರಿಯ ಮೇಲೆ ಊರಿಗೆ ಬಂದ ನಮ್ಮಂಥ ಶಿಕ್ಷಕರನ್ನೂ ಚರಗಕ್ಕೆ ಕರೆಯದೆ ಬಿಡುತ್ತಿರಲಿಲ್ಲ. ಒಂದೇ ದಿನ ಮೂರು ಹೊಲಗಳಲ್ಲಿ ಉಂಡ ನೆನಪು ನನಗಿದೆ.

ಮೂರನೆಯದು ಸಂಕ್ರಾಂತಿ. ಅಂದು ಘಟಪ್ರಭೆಯ ದಂಡೆಗೆ, ಗೋಕಾಕ ಫಾಲ್ಸಿಗೆ, ಮಾರ್ಕಂಡೇಯ ನದಿಯ ಗೋಡಚಿನಮಲ್ಕಿಗೆ, ಹುಕ್ಕೇರಿ ಕಡೆಯವರಾದರೆ ಹಿಡಕಲ್ಲಿಗೆ ಬುತ್ತಿ ಕಟ್ಟಿಕೊಂಡು ಹೋಗಿ, ಎಳ್ಳು ಹಚ್ಚಿಕೊಂಡು ಮಿಂದು, ನಾಲ್ಕಾರು ಕುಟುಂಬಗಳು ಒಂದೆಡೆ ಕುಳಿತು ಉಣ್ಣುವುದು ರೂಢಿ.

ಈ ಬುತ್ತಿಗಳಲ್ಲಿ ಏನಿರುತ್ತದೆ ಎಂಬುದನ್ನು ವಿವರವಾಗಿ ನೋಡೋಣ. ಏಕೆಂದರೆ ಇತಿಹಾಸ ಅಡಗಿರುವುದು ಅಲ್ಲಿಯೇ. ಕಡಕ್ ಜೋಳದ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಮಡಕಿಕಾಳಿನ ಪಲ್ಯ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಅಗಸಿ ಚಟ್ನಿ, ಕೆಂಪು ಮೆಣಸಿನಕಾಯಿಯ ರಂಜಕ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರ್ಚಿಕಾಯಿ, ಮಾದಲಿ ಮತ್ತು ಕೊನೆಗೆ ಮೊಸರು ಬುತ್ತಿ. ಇವುಗಳಲ್ಲಿ ಹೆಚ್ಚಿನವು ನೀರು ಕಡಿಮೆ ಇರುವ ಪದಾರ್ಥಗಳೆಂಬುದನ್ನು ಗಮನಿಸಬೇಕು. ನೀರಿಲ್ಲದ್ದು ಹಳಸುವುದಿಲ್ಲ, ಚೆಲ್ಲುವುದಿಲ್ಲ. ಒಣಗಿಸಿದ ರೊಟ್ಟಿ ವಾರಗಟ್ಟಲೆ ಉಳಿಯುತ್ತದೆ; ಚಟ್ನಿಪುಡಿ ತಿಂಗಳುಗಟ್ಟಲೆ. ಮಾದಲಿಯೆಂದರೆ ಬೇಯಿಸಿದ ಗೋದಿಯ ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ, ಪುಠಾಣಿ, ಒಣಕೊಬ್ಬರಿ, ಗಸಗಸೆ, ಏಲಕ್ಕಿ ಸೇರಿಸಿದ್ದು. ಉಣ್ಣುವಾಗ ಹಾಲು ತುಪ್ಪ ಹಾಕಿಕೊಂಡರೆ ಸಾಕು. ಇನ್ನು ರೊಟ್ಟಿಯಂತೂ ಊಟವೂ ಹೌದು, ಅಂಗೈ ಮೇಲಿನ ತಾಟೂ ಹೌದು. ಅದರ ಮೇಲೆ ಪಲ್ಯ ಬಡಿಸಿಕೊಂಡು ಉಂಡು, ಕೊನೆಗೆ ತಾಟನ್ನೂ ತಿಂದು ಕೈ ತೊಳೆಯಬಹುದು. ಎತ್ತಿನ ಗಾಡಿಯಲ್ಲಿ ಅರ್ಧ ದಿನ ಸಾಗಿ, ಬಿಸಿಲಲ್ಲಿ ಬಿಚ್ಚಿ, ಹತ್ತು ಜನರಿಗೆ ಹಂಚಲು ತಕ್ಕಂತೆ ನಮ್ಮ ತಾಯಂದಿರು ರೂಪಿಸಿದ ಅಡುಗೆ ಇದು.

ಈ ಅಡುಗೆಯೆಲ್ಲ ಅನಾದಿಕಾಲದಿಂದ ಹೀಗೆಯೇ ಇದ್ದಿತೆಂದು ನಾವು ಭಾವಿಸುತ್ತೇವೆ. ಹಾಗಿಲ್ಲ. ಒಂದೊಂದು ಪದಾರ್ಥದ ಊರನ್ನು ಕೇಳುತ್ತ ಹೋದರೆ ಅಚ್ಚರಿಯಾಗುತ್ತದೆ. ಬಳ್ಳಾರಿಯ ಸಂಗನಕಲ್ಲು ಮೊದಲಾದ ನವಶಿಲಾಯುಗದ ನೆಲೆಗಳಲ್ಲಿ ಸುಟ್ಟು ಕರಕಾಗಿ ಉಳಿದ ಕಾಳುಗಳನ್ನು ಪುರಾತತ್ವಜ್ಞರು ಪರೀಕ್ಷಿಸಿದ್ದಾರೆ. ನಾಲ್ಕು ಸಾವಿರ ವರ್ಷಗಳ ಹಿಂದೆ ಈ ನಾಡಿನ ಜನ ಮುಖ್ಯವಾಗಿ ಉಣ್ಣುತ್ತಿದ್ದುದು ಕೊರಲೆಯಂತಹ ಕಿರುಧಾನ್ಯ, ಹುರುಳಿ ಮತ್ತು ಹೆಸರು. ಇವು ಈ ನೆಲದಲ್ಲಿಯೇ ಹುಟ್ಟಿದವು. ಜೋಳವಾಗಲಿ ಸಜ್ಜೆಯಾಗಲಿ ಇಲ್ಲಿಯವಲ್ಲ. ಎರಡೂ ಆಫ್ರಿಕಾ ಖಂಡದಿಂದ ಬಂದವು. ಹಾವೇರಿ ಜಿಲ್ಲೆಯ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ ಸಜ್ಜೆಯ ಕಾಳು ದೊರೆತಿದ್ದು, ಅದು ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆಯೇ ನಮ್ಮವರ ಕೈಗೆ ಬಂದಿತ್ತೆಂಬುದು ತಿಳಿದಿದೆ. ಎಳ್ಳು ಮಾತ್ರ ಭಾರತದ್ದೇ. ಬದನೆಯೂ ಈ ಭಾಗದ್ದೇ. ಆದರೆ ಗುರೆಳ್ಳು ಇಥಿಯೋಪಿಯದ್ದು, ಪುಂಡಿಯ ಮೂಲ ಆಫ್ರಿಕಾ, ಕಡಲೆ ಮತ್ತು ಗೋದಿ ಪಶ್ಚಿಮ ಏಷ್ಯಾದವು.

ಇನ್ನು ನಮ್ಮ ಅಡುಗೆಗೆ ಖಾರ ಕೊಟ್ಟ ಮೆಣಸಿನಕಾಯಿ ಬಂದದ್ದು ಅಮೆರಿಕ ಖಂಡದಿಂದ, 16ನೇ ಶತಮಾನದಲ್ಲಿ, ಪೋರ್ಚುಗೀಜರ ಹಡಗುಗಳ ಮೂಲಕ. ಗೋವೆ ನಮಗೆ ದೂರವಲ್ಲ. ಘಟ್ಟ ಹತ್ತಿದರೆ ಬೆಳಗಾವಿಯೇ. ಹೊಸ ಕಾಯಿಗೆ ಹೊಸ ಹೆಸರು ಹುಡುಕದೆ, ತಮಗೆ ಗೊತ್ತಿದ್ದ ಮೆಣಸಿನ ಹೆಸರನ್ನೇ ಕೊಟ್ಟು ಜನ ಅದನ್ನು ಒಳಗೆ ಕರೆದುಕೊಂಡರು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು. ಅದು ನಮ್ಮ ಸೀಮೆಯಲ್ಲಿ ದೊಡ್ಡ ಪ್ರಮಾಣದ ಬೆಳೆಯಾದದ್ದು 19ನೇ ಶತಮಾನದಿಂದ ಈಚೆಗೆ. ಶೇಂಗಾ ಎಂಬ ಹೆಸರು ಮರಾಠಿಯಲ್ಲಿ ಕಾಯಿ ಅಥವಾ ಕೋಡು ಎಂಬ ಅರ್ಥದ ಶಬ್ದಕ್ಕೆ ಸಂಬಂಧಿಸಿದ್ದು. ಶೇಂಗಾ ಹೋಳಿಗೆಯಿಲ್ಲದ ಹಬ್ಬವನ್ನು ನಾವು ಊಹಿಸಲಾರೆವು. ನಮ್ಮ ಮುತ್ತಜ್ಜನ ಮುತ್ತಜ್ಜಿಗೆ ಅದರ ಹೆಸರೇ ಗೊತ್ತಿದ್ದಿರಲಾರದು.

ಈ ಮಾತಿಗೆ ಹಳೆಯ ಗ್ರಂಥಗಳೂ ಸಾಕ್ಷಿ ಹೇಳುತ್ತವೆ. ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರನು 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಅಡುಗೆಗಳ ದೊಡ್ಡ ಭಾಗವೇ ಇದೆ. ಅಲ್ಲಿ ಇಡ್ಲಿ, ದೋಸೆಗಳ ಪೂರ್ವಜರು ಕಾಣಸಿಗುತ್ತಾರೆ, ಖಾರಕ್ಕೆ ಮೆಣಸು, ಶುಂಠಿ ಇವೆ, ಇಂಗೂ ಇದೆ, ಮೆಣಸಿನಕಾಯಿ ಇಲ್ಲ. 16ನೇ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನ ಕನ್ನಡ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಅಡುಗೆಗಳಿಗೆ ವಿಶೇಷ ಸ್ಥಾನವಿದೆ. ಆದರೆ ಶೇಂಗಾ ಪುಡಿ, ಕೆಂಪು ಖಾರ ತುಂಬಿದ ನಮ್ಮ ಎಣ್ಣೆಗಾಯಿ ಅವನ ಕಾಲಕ್ಕೆ ಸಾಧ್ಯವೇ ಇರಲಿಲ್ಲ. ಹೀಗೆ ನಮ್ಮ ಚರಗದ ಬುಟ್ಟಿಗೆ ದೇಶದೇಶಗಳಿಂದ ಒಬ್ಬೊಬ್ಬರು ಒಂದೊಂದು ಪದಾರ್ಥ ತಂದು ಹಾಕಿದ್ದಾರೆ. ನಮ್ಮವರು ಬೇಡವೆನ್ನಲಿಲ್ಲ, ತಮ್ಮ ಒರಳಿಗೆ ಹಾಕಿ ಕುಟ್ಟಿ ತಮ್ಮದನ್ನಾಗಿ ಮಾಡಿಕೊಂಡರು.

ಪದಾರ್ಥಗಳನ್ನು ಇಷ್ಟು ಉದಾರವಾಗಿ ಬರಮಾಡಿಕೊಂಡ ಸಮಾಜವು ಮನುಷ್ಯರನ್ನು ಪಂಕ್ತಿಗೆ ಬರಮಾಡಿಕೊಂಡಿತೇ? ಇತಿಹಾಸ ಬರೆಯುವವನು ಈ ಪ್ರಶ್ನೆಯನ್ನು ದಾಟಿ ಹೋಗಲಾಗದು. ಚರಗದ ಅಡುಗೆಗೆ ಜೋಳ ಬಿತ್ತಿದವರು, ಕಳೆ ತೆಗೆದವರು, ಕೊಯ್ದವರು, ರಾಶಿ ಮಾಡಿದವರು ಅನೇಕರು. ಆಯಗಾರರಿಗೆ ಕಣದಲ್ಲಿ ಧಾನ್ಯದ ಪಾಲು ಸಿಗುತ್ತಿತ್ತು. ಆದರೆ ಅವರಲ್ಲಿ ಹಲವರಿಗೆ ಹಬ್ಬದ ಊಟ ದೊರೆಯುತ್ತಿದ್ದುದು ದೂರದಲ್ಲಿ, ಬೇರೆ ಗಿಡದ ನೆರಳಿನಲ್ಲಿ, ಮೇಲಿನಿಂದ ನೀಡಿದ ರೊಟ್ಟಿಯ ರೂಪದಲ್ಲಿ. ಬಸವಣ್ಣನವರು 12ನೇ ಶತಮಾನದಲ್ಲಿ ದಾಸೋಹವನ್ನು ಸಾರಿದ ನಾಡಿನಲ್ಲಿಯೇ ಈ ಅಂತರ 20ನೇ ಶತಮಾನದವರೆಗೂ ಉಳಿದಿತ್ತು. ನಮ್ಮ ನೆರೆಯ ನಿಪ್ಪಾಣಿಯಲ್ಲಿ 1925ರಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರರು ಬಹಿಷ್ಕೃತರ ಪರಿಷತ್ತಿಗೆ ಬಂದಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಸಂವಿಧಾನದ 17ನೇ ಅನುಚ್ಛೇದವು ಅಸ್ಪೃಶ್ಯತೆಯನ್ನು ನಿಷೇಧಿಸಿ 1950ರಲ್ಲಿ ಜಾರಿಗೆ ಬಂದಿತು. ಆದರೆ ಗಿಡದ ನೆರಳಿಗೆ ಅದು ತಲುಪಲು ಇನ್ನಷ್ಟು ಕಾಲ ಹಿಡಿಯಿತು.

ಈ ಕೆಲಸದಲ್ಲಿ ಶಾಲೆಗಳ ವನಭೋಜನಕ್ಕೆ ಒಂದು ಪಾತ್ರವಿದೆ ಎಂಬುದು ನನ್ನ ನಂಬಿಕೆ. ನಿಮ್ಮಲ್ಲಿ ಅನೇಕರಿಗೆ ಅದು ನೆನಪಿರಬಹುದು. 1980ರ ದಶಕದಲ್ಲಿ ನಾವು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಹೊಳೆಯ ಕಡೆಗೋ ತೋಟದ ಕಡೆಗೋ ಕರೆದೊಯ್ಯುತ್ತಿದ್ದೆವು. ಎಲ್ಲರ ಬುತ್ತಿಗಳನ್ನೂ ಬಿಚ್ಚಿ ಒಂದೇ ಜಮಖಾನೆಯ ಮೇಲೆ ರೊಟ್ಟಿ ಒಂದು ಕಡೆ, ಪಲ್ಯ ಒಂದು ಕಡೆ, ಸಿಹಿ ಒಂದು ಕಡೆ ಕೂಡಿಸಿ, ಬಳಿಕ ಹಂಚುವುದು ಕ್ರಮ. ಯಾವ ರೊಟ್ಟಿ ಯಾರ ಮನೆಯದೆಂದು ಆಮೇಲೆ ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ವರ್ಷ ಪಾಲಕರೊಬ್ಬರು ಶಾಲೆಗೆ ಬಂದು, ತಮ್ಮ ಮಗನ ಬುತ್ತಿಯನ್ನು ಬೇರೆ ಇಡಬೇಕೆಂದು ಕೇಳಿದರು. ಆಗಿನ ಮುಖ್ಯೋಪಾಧ್ಯಾಯರು ಸಿಟ್ಟಾಗಲಿಲ್ಲ. “ದುಡಿಯವರ ಕೈ ಹತ್ತದ ಜ್ವಾಳದ ರೊಟ್ಟಿ ನಿಮ್ಮ ಮನ್ಯಾಗ ಇದ್ರ ಅದನ್ನ ಕಟ್ಟಿ ಕಳಸ್ರಿ, ಬ್ಯಾರೇನ ಇಡತೀವಿ” ಎಂದರು. ಪಾಲಕರು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು ಎದ್ದು ಹೋದರು. ಮರುದಿನ ಹುಡುಗ ಬಂದ. ಅವನ ಕೈಯಲ್ಲಿ ಎಲ್ಲರಿಗಿಂತ ದೊಡ್ಡ ಬುತ್ತಿಯಿತ್ತು. ಅದನ್ನು ತಾನೇ ಜಮಖಾನೆಯ ಮೇಲೆ ಬಿಚ್ಚಿದ.

ಮುಂದೆ ಶಾಲೆಯ ಪಂಕ್ತಿ ನಿತ್ಯದ ಪಂಕ್ತಿಯಾಯಿತು. ಮಧ್ಯಾಹ್ನದ ಬಿಸಿಯೂಟವನ್ನು ಕೊಡಬೇಕೆಂದು 2001ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಆರಂಭವಾದ ಯೋಜನೆ 2003ರಲ್ಲಿ ಬೆಳಗಾವಿಯೂ ಸೇರಿದಂತೆ ಉಳಿದ ಜಿಲ್ಲೆಗಳಿಗೆ ವಿಸ್ತರಿಸಿತು. ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದು ಅರ್ಥಪೂರ್ಣ. ಒಂದೇ ಒಲೆಯ ಅನ್ನವನ್ನು ಸಾಲಾಗಿ ಕುಳಿತು ಉಣ್ಣುವ ಮಕ್ಕಳಿಗೆ ವನಭೋಜನದ ಪಾಠವನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಆದರೂ ಮನೆಯಿಂದ ತಂದು ಹಂಚುವ ಸಂತೋಷ ಅದರಲ್ಲಿಲ್ಲ. ಆದ್ದರಿಂದ ವನಭೋಜನವನ್ನು ಬಿಡಬೇಡಿರೆಂದು ಇಂದಿನ ಶಿಕ್ಷಕರಿಗೆ ನನ್ನ ವಿನಂತಿ.

ಬುತ್ತಿಗೆ ಇನ್ನೊಂದು ಬದಲಾವಣೆಯೂ ಒದಗಿದೆ. 1876ರಿಂದ 1878ರವರೆಗಿನ ಭೀಕರ ಬರಗಾಲದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳ ಜನ ಅಪಾರ ಕಷ್ಟಪಟ್ಟರು. ಆ ಶತಮಾನದ ಕೊನೆಯ ಹೊತ್ತಿಗೆ ಧೂಪದಾಳದಲ್ಲಿ ಘಟಪ್ರಭೆಗೆ ಅಡ್ಡಗಟ್ಟೆ ಕಟ್ಟಿ ಕಾಲುವೆ ತೆಗೆದರು. 1970ರ ದಶಕದಲ್ಲಿ ಹಿಡಕಲ್ ಅಣೆಕಟ್ಟು ಮುಗಿಯಿತು. ನೀರು ಬಂದ ಹೊಲಗಳಲ್ಲಿ ಕಬ್ಬು ಬಂದಿತು. ಹಸಿವು ಹಿಂದೆ ಸರಿಯಿತೆಂಬುದು ಸಣ್ಣ ಮಾತಲ್ಲ. ಆದರೆ ಕಬ್ಬಿನ ಗದ್ದೆಯಲ್ಲಿ ಚರಗ ಚೆಲ್ಲುವವರು ಈಗ ಜೋಳವನ್ನೂ ಸಜ್ಜೆಯನ್ನೂ ಸಂತೆಯಿಂದ ಕೊಂಡು ತರುತ್ತಾರೆ. ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಪೇಟೆಯಲ್ಲಿ ಸಜ್ಜೆಗೆ ಹೊಸ ಮರ್ಯಾದೆ ಬಂದಿತು. ಹೊಲದ ಒಂದು ಮೂಲೆಯಲ್ಲಾದರೂ ಹಬ್ಬದ ರೊಟ್ಟಿಗೆ ಬೇಕಾದಷ್ಟು ಜೋಳ ಬಿತ್ತಿಕೊಳ್ಳುವ ಮನೆಗಳು ಇನ್ನೂ ಕೆಲವಿವೆ. ಅವರಿಗೆ ನನ್ನ ವಂದನೆಗಳು.

ಪುಣೆ, ಬೆಂಗಳೂರುಗಳಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಹಬ್ಬಗಳಲ್ಲಿ ‘ಪಾಟ್‌ಲಕ್’ ಊಟ ಮಾಡುತ್ತಾರಂತೆ. ಒಬ್ಬೊಬ್ಬರು ಒಂದೊಂದು ಅಡುಗೆ ತಂದು ಕೂಡಿ ಉಣ್ಣುವುದು. ಹೆಸರು ಹೊಸದು, ಕ್ರಮ ನಮ್ಮ ಜಮಖಾನೆಯದೇ. “ಸರ್, ನಮ್ಮ ಕಡೇದು ಏನ ಒಯ್ಯಬೇಕು?” ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮತ್ತು ಗಟ್ಟಿ ಮೊಸರು ಒಯ್ಯಿರಿ. ರೊಟ್ಟಿ, ಚಟ್ನಿಗಳು ಎಷ್ಟು ದೂರ ಹೋದರೂ ಕೆಡುವುದಿಲ್ಲ. ಎಣ್ಣೆಗಾಯಿಯನ್ನು ಹಿಂದಿನ ರಾತ್ರಿಯೇ ಮಾಡಿರಿ. ಮಸಾಲೆ ಒಳಗಿಳಿದು ಮರುದಿನ ಹೆಚ್ಚು ರುಚಿಯಾಗುತ್ತದೆ. ಸಿಹಿಗೆ ಮಾದಲಿ ಇರಲಿ. ಅದನ್ನು ಕಾಣದವರೂ ಒಂದು ಚಮಚ ತಿಂದ ಮೇಲೆ ಮತ್ತೊಮ್ಮೆ ಕೇಳುತ್ತಾರೆ. ಪಕ್ಕದವರು ತಂದದ್ದು ಯಾವ ನಾಡಿನ ಅಡುಗೆಯಾಗಿದ್ದರೂ ಮೊದಲು ಅದನ್ನು ಬಡಿಸಿಕೊಳ್ಳಿರಿ. ಹಾಗೆ ಬಡಿಸಿಕೊಂಡದ್ದರಿಂದಲೇ ನಮ್ಮ ಬುತ್ತಿ ಇಷ್ಟು ದೊಡ್ಡದಾಗಿದೆ. ಮತ್ತು ಕೂಡಲು ಹಿಂಜರಿದು ದೂರ ನಿಂತವರು ಯಾರಾದರೂ ಇದ್ದರೆ, ಅವರನ್ನು ಕರೆದು ಕೂಡಿಸಿಕೊಂಡ ಮೇಲೆಯೇ ತುತ್ತು ಎತ್ತಿರಿ.