ಕತ್ತಲಿಗೆ ಒಗ್ಗಿದ ಕಣ್ಣು, ಕೆಂಪು ಪರದೆ

ಹೊಯ್ಸಳ ದೊರೆ ಎರಡನೆಯ ಬಲ್ಲಾಳನ ಕಾಲದಲ್ಲಿ, 1173ರಲ್ಲಿ, ಹಾಸನ ಸಮೀಪದ ಕೊರವಂಗಲದಲ್ಲಿ ಬೂಚೇಶ್ವರ ದೇಗುಲ ಎದ್ದಾಗ ಇರುಳಿನ ಬೆಳಕೆಂದರೆ ಹಣತೆ, ಪಂಜು, ಒಲೆಯ ಕೆಂಡ. ಅಂಗಳದಲ್ಲಿ ಕುಳಿತವರಿಗೆ ನಕ್ಷತ್ರ ನೋಡಲು ಬೇರೆ ಸಿದ್ಧತೆ ಬೇಕಿರಲಿಲ್ಲ. ಇಂದು ಇಂಥ ಊರಿನ ಬಯಲಿನಲ್ಲಿ ಕಂಪ್ಯೂಟರ್ ತೆರೆದು ಆಕಾಶದ ನಕ್ಷೆ ಹುಡುಕುವವರ ಪಾಡು ವಿಚಿತ್ರ. ದಾರಿ ತೋರುವ ಪರದೆಯೇ ಕಣ್ಣು ಕಟ್ಟುತ್ತದೆ!

ಇದರ ಕಾರಣ ಮೊದಲು ಸಿಕ್ಕಿದ್ದು ಕಪ್ಪೆಯ ಕಣ್ಣಿನಲ್ಲಿ. 1876ರಲ್ಲಿ ಫ್ರಾಂಜ್ ಬೋಲ್ ಎಂಬ ಜರ್ಮನ್ ವಿಜ್ಞಾನಿ, ಕಪ್ಪೆಯ ಅಕ್ಷಿಪಟದ ಕೆನ್ನೇರಳೆ ಬಣ್ಣ ಬೆಳಕು ಬಿದ್ದೊಡನೆ ಮಾಸುವುದನ್ನು ಕಂಡ. ಕತ್ತಲಲ್ಲಿ ಆ ಬಣ್ಣ ಮರಳುತ್ತಿತ್ತು. ಅದೇ ರೊಡಾಪ್ಸಿನ್. ಇದರ ತಯಾರಿಗೆ 'ಎ' ಜೀವಸತ್ವ ಬೇಕು. ಅದು ಕಡಿಮೆಯಾದರೆ ಬರುವುದೇ ನಮ್ಮ ಹಳ್ಳಿಗಳವರು ಬಲ್ಲ ಇರುಳುಗುರುಡು. ಮಾಸಿದ ರೊಡಾಪ್ಸಿನ್ ಮತ್ತೆ ತುಂಬಿಕೊಳ್ಳಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಅದನ್ನು ಕೆಡಿಸಲು ಬೆಳ್ಳನೆಯ ಪರದೆಯ ಮೇಲಿನ ಕ್ಷಣದ ನೋಟ ಸಾಕು.

ಪರಿಹಾರ ತೋರಿದವರು ಖಗೋಳಜ್ಞರಲ್ಲ ಎಂಬುದು ಸ್ವಾರಸ್ಯ. ಮಬ್ಬು ಬೆಳಕಿನಲ್ಲಿ ಕೆಲಸ ಮಾಡುವ ದಂಡಕೋಶಗಳಿಗೆ ಗಾಢ ಕೆಂಪು ಬಹುಮಟ್ಟಿಗೆ ಕಾಣಿಸದು. ಎಕ್ಸ್-ರೇ ಪರದೆಯನ್ನು ಕತ್ತಲಲ್ಲಿ ನೋಡಬೇಕಿದ್ದ ವೈದ್ಯರಿಗಾಗಿ ವಿಲ್ಹೆಲ್ಮ್ ಟ್ರೆಂಡೆಲೆನ್‌ಬರ್ಗ್ 1916ರಲ್ಲಿ ಕೆಂಪು ಕನ್ನಡಕ ಸೂಚಿಸಿದ. ಎರಡನೆಯ ಮಹಾಯುದ್ಧದಲ್ಲಿ ರಾತ್ರಿ ಹಾರುವ ವಿಮಾನಚಾಲಕರೂ ಅದನ್ನೇ ತೊಟ್ಟು ಕಾಯುತ್ತಿದ್ದರು. ಹವ್ಯಾಸಿಗಳ ಟಾರ್ಚಿಗೆ ಕೆಂಪು ಕಾಗದ ಅಂಟಿಕೊಂಡದ್ದರ ಹಿಂದೆ ಇರುವುದೂ ಇದೇ ತತ್ತ್ವ. ಈಗ 'ಸ್ಟೆಲೇರಿಯಂ'ನಂಥ ತಂತ್ರಾಂಶಗಳಲ್ಲಿ ಗುಂಡಿ ಒತ್ತಿದರೆ ಇಡೀ ನಕ್ಷೆ ಕೆಂಪಾಗುತ್ತದೆ.

ವೃತ್ತಿಪರರಿಗೆ ಮಾತ್ರ ಈ ಗೋಜಿಲ್ಲ. ಲಡಾಖ್‌ನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಹೊರವಲಯದ ಹೊಸಕೋಟೆಯಿಂದಲೇ, ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ದೀಪ ಹಾಕಿದ ಕೋಣೆಯಲ್ಲೇ ಕುಳಿತು ನಕ್ಷತ್ರ ಕಾಣಬಹುದು. ಕತ್ತಲಿಗೆ ಒಗ್ಗಬೇಕಾದ ಕಣ್ಣು ಅಲ್ಲಿ ಕ್ಯಾಮೆರಾದ್ದು.

ಬಯಲಿನಲ್ಲಿ ನಿಂತವನಿಗೆ ಆ ಅನುಕೂಲವಿಲ್ಲ. ಬಣ್ಣ ಕೆಂಪಾದರೂ ಪ್ರಖರವಾಗಿದ್ದರೆ ಕಣ್ಣು ಕೆಡುತ್ತದೆ. ಸಾಧಾರಣ ಎಲ್‌ಸಿಡಿ ಪರದೆಯಂತೂ ಕಪ್ಪು ತೋರಿಸುವಾಗಲೂ ಹಿಂದಿನ ದೀಪದಿಂದ ತುಸು ಬೆಳಗುತ್ತಲೇ ಇರುತ್ತದೆ. ಆದ್ದರಿಂದ ಅನುಭವಿಗಳು ಪರದೆಯ ಬೆಳಕು ತಗ್ಗಿಸಿ, ಮೇಲೆ ಕೆಂಪು ಪಾರದರ್ಶಕ ಹಾಳೆಯನ್ನೂ ಹೊದಿಸುತ್ತಾರೆ. ದೂರದರ್ಶಕಕ್ಕೆ ಇಡುವ ಕಣ್ಣನ್ನು ಮುಚ್ಚಿಕೊಂಡು ಇನ್ನೊಂದರಿಂದಷ್ಟೇ ಪರದೆ ನೋಡುವುದೂ ಉಂಟು. ಎರಡು ಕಣ್ಣುಗಳೂ ಬೇರೆಬೇರೆಯಾಗಿಯೇ ಕತ್ತಲಿಗೆ ಒಗ್ಗುತ್ತವೆ.